ಒಣಗದ ಜಟೆ

ಆತ ಜಂಬದ ಮನುಷ್ಯ, ಜೊತೆಗೆ ಹೇಡಿ. ಈ ಎರಡೂ ಒಬ್ಬನಲ್ಲೇ ಸೇರಿರುವುದು ಅಪರೂಪವೇನಲ್ಲ. ಅವನ ಜಂಬವೆಲ್ಲ ತಲೆಯ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ಇತ್ತು. ಹೇಡಿತನ ಎಲ್ಲಿ ಅಡಗಿತ್ತು ಎಂಬುದು ಗೊತ್ತಾಗಲು ಮಾತ್ರ ಒಂದು ಕೆಟ್ಟ ವಾಸನೆ ಬೇಕಾಯಿತು.

ಊರಿನ ಈಜುಕೊಳದಲ್ಲಿ ಅವನು ಮಕ್ಕಳಿಗೆ ಈಜು ಕಲಿಸುತ್ತಿದ್ದ. ಹರೆಯದಲ್ಲಿ ಸ್ಪರ್ಧೆಗಳಿಗೆ ಹೋಗುತ್ತಿದ್ದವನು, ಹೋದಲ್ಲೆಲ್ಲ ನಾಲ್ಕನೆಯವನಾಗಿ ಬರುತ್ತಿದ್ದ. ಮೂರನೆಯವನಿಗೆ ನಿಲ್ಲಲು ಒಂದು ಮೆಟ್ಟಿಲಾದರೂ ಇರುತ್ತದೆ. ನಾಲ್ಕನೆಯವನು ಟವೆಲ್ ಹೊದ್ದು ಮನೆಗೆ ಹೋಗಬೇಕು. ಒಮ್ಮೆ ಬಸ್ ನಿಲ್ದಾಣದಲ್ಲಿ ಅವನ ತರಬೇತುದಾರನೇ ಅವನನ್ನು ಗುರುತಿಸದೆ, ಯಾರೋ ದಾರಿಹೋಕನೆಂದುಕೊಂಡು ಬಸ್ಸಿನ ನಂಬರು ಕೇಳಿದ. ಅವತ್ತಿನಿಂದ ಅವನು ಬಾಚಣಿಗೆ ಮುಟ್ಟಲಿಲ್ಲ.

ಅವನದು ದಟ್ಟ ಗುಂಗುರು ಕೂದಲು. ಬಾಚದೆ ಬಿಟ್ಟರೆ ತಾನಾಗಿಯೇ ಸುತ್ತಿಕೊಂಡು, ಗಂಟಾಗಿ, ನಿಧಾನಕ್ಕೆ ಜಟೆಗಟ್ಟುವ ಜಾತಿಯದು. ಅವಸರದ ಹುಡುಗರು ಸಲೂನಿಗೆ ಹೋಗಿ ಮೇಣ ಮೆತ್ತಿಸಿ, ಕೊಕ್ಕೆ ಸೂಜಿಯಿಂದ ಹೆಣೆಸಿ, ಒಂದೇ ಮಧ್ಯಾಹ್ನದಲ್ಲಿ ಡ್ರೆಡ್‌ಲಾಕ್ ಮಾಡಿಸಿಕೊಂಡು ಬರುತ್ತಿದ್ದರು. ಅವರನ್ನು ಕಂಡರೆ ಇವನಿಗೆ ತಾತ್ಸಾರ. "ನಂದು ಹಾಗಲ್ಲ. ನಾನೇನೂ ಮಾಡಿಲ್ಲ, ಅದಾಗಿ ಅದೇ ಬೆಳೆದದ್ದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಅವನೇನೂ ಮಾಡಿರಲಿಲ್ಲ ಎಂಬುದು ನಿಜವೇ. ಮಾಡಿದವಳು ಅವನ ಅಕ್ಕ.

ಅಕ್ಕ ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಎರಡು ಕೋಣೆ, ಮೇಲೊಂದು ತಾರಸಿ. ತಮ್ಮನೂ ಅವಳೂ ಇಬ್ಬರೇ. ಮೊದಲ ವರ್ಷ ಅವನ ತಲೆ ಗಾಳಿಗೆ ಸಿಕ್ಕ ಕಾಗೆಗೂಡಿನಂತಿತ್ತು. "ನನ್ನ ಜೊತೆ ಅಂಗಡಿಗೆ ಬರೋದಾದ್ರೆ ಸ್ವಲ್ಪ ಹಿಂದೆ ಬಾ. ಯಾರಾದ್ರೂ ಕೇಳಿದ್ರೆ ನೀನು ಯಾರೋ, ನಾನು ಯಾರೋ" ಎನ್ನುತ್ತಿದ್ದಳು. ಹಾಗೆಂದವಳೇ ಪ್ರತಿ ಸಲ ಅವನು ತಲೆ ತೊಳೆದಾಗ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಜಟೆಗೆ ಬಾಚಣಿಗೆ ಬೇಡ, ನಿಜ. ಆದರೆ ಬೆರಳು ಬೇಕು. ಬುಡದಲ್ಲಿ ಹೊಸದಾಗಿ ಹುಟ್ಟುವ ಕೂದಲು ಪಕ್ಕದ ಜಟೆಗೆ ತೊಡರಿಕೊಳ್ಳುತ್ತದೆ. ಬಿಟ್ಟರೆ ಎರಡು ಒಂದಾಗಿ, ಒಂದಾದದ್ದು ಮತ್ತೊಂದನ್ನು ನುಂಗಿ, ಕೊನೆಗೆ ತಲೆಗೆ ಒಂದು ಚಾಪೆ ಹೊದಿಸಿದಂತಾಗುತ್ತದೆ. ಅಕ್ಕ ಒಂದೊಂದು ಬುಡವನ್ನೂ ಹಿಡಿದು ಬಿಡಿಸಿ ಬೇರೆ ಮಾಡುತ್ತಿದ್ದಳು. ಹಿಂದಲೆ ಅವನಿಗೆ ಕಾಣುತ್ತಲೂ ಇರಲಿಲ್ಲ, ಎಟಕುತ್ತಲೂ ಇರಲಿಲ್ಲ. ಆ ಭಾಗವೆಲ್ಲ ಅವಳ ಸುಪರ್ದಿಯಲ್ಲಿತ್ತು.

ಬುಡ ಬಿಡಿಸಿದ ಮೇಲೆ ಒಣಗಿಸುವ ಕೆಲಸ. ಟವೆಲ್ಲಿನಲ್ಲಿ ಒಂದೊಂದನ್ನೇ ಸುತ್ತಿ ಹಿಂಡಬೇಕು, ತಾರಸಿಯ ಬಿಸಿಲಿಗೆ ಬೆನ್ನು ಹಾಕಿ ಕೂರಬೇಕು, ಆಗಾಗ ನಡುವೆ ಚಿವುಟಿ ನೋಡಬೇಕು. ಜಟೆ ಬಟ್ಟೆಯಂತಲ್ಲ, ಹಗ್ಗದಂತೆ. ಹೊರಗೆ ಗರಿಗರಿ ಅನ್ನಿಸಿದರೂ ಹೊಟ್ಟೆಯಲ್ಲಿ ನೀರಿರುತ್ತದೆ. "ಒಳಗೆ ಒಣಗೋವರೆಗೂ ಕಟ್ಬೇಡ. ಕಟ್ಟಿದ್ಯೋ, ಕೆಟ್ಟೆ" ಎಂದು ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ಕೂಗುತ್ತಿದ್ದಳು. ಮಧ್ಯಾಹ್ನವೆಲ್ಲ ಅವನು ತಾರಸಿಯ ಮೇಲೆ, ಒಣಹಾಕಿದ ಪರದೆಗಳ ನಡುವೆ ತಾನೂ ಒಂದು ಪರದೆಯಂತೆ ಕೂತಿರುತ್ತಿದ್ದ.

ವರ್ಷಗಳು ಕಳೆದವು. ಜಟೆಗಳು ಸೊಂಟದ ತನಕ ಇಳಿದವು. ಆಲದ ಬಿಳಲಿನಂತಿವೆ ಎಂದು ಮಕ್ಕಳು ಅವನಿಗೆ ಬಿಳಲು ಸಾರ್ ಎಂದು ಹೆಸರಿಟ್ಟರು. ಈಗ ಯಾರೂ ಅವನನ್ನು ಮರೆಯುತ್ತಿರಲಿಲ್ಲ. ಅವನು ಕೊಳದ ಅಂಚಿನಲ್ಲಿ ನಡೆದರೆ ಬೆಂಚಿನ ಮೇಲಿನ ತಾಯಂದಿರು ಮಾತು ನಿಲ್ಲಿಸಿ ನೋಡುತ್ತಿದ್ದರು. ನೋಡುತ್ತಾರೆಂದೇ ಅವನು ಅಂಚಿನಲ್ಲಿ ನಡೆಯುತ್ತಿದ್ದ.

ಮೆಚ್ಚದವಳು ಒಬ್ಬಳೇ, ಅಲ್ಲಿ ನೆಲ ತೊಳೆಯುತ್ತಿದ್ದ ಹೆಂಗಸು. ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕಳೆದುಹೋದ ಕಾಲುಚೀಲ ಹುಡುಕಿಕೊಡುವುದು, ಅಳುವ ಮಗುವಿನ ಮೂಗು ಒರೆಸುವುದು, ಒದ್ದೆ ನೆಲದಲ್ಲಿ ಓಡುವವರನ್ನು ಗದರುವುದು ಎಲ್ಲ ಅವಳದೇ.

"ಮೇಷ್ಟ್ರೇ, ನಿಮ್ಮ ತಲೇಲಿ ಗುಬ್ಬಚ್ಚಿ ಸಂಸಾರ ಹೂಡಿದ್ರೆ ಬಾಡಿಗೆ ಕೇಳೋಕೆ ಮರೀಬೇಡಿ" ಎಂದು ಅವಳು ಮಾಪಿನ ಕೋಲಿಗೆ ಗಲ್ಲ ಊರಿ ನಗುತ್ತಿದ್ದಳು.

"ನಿಮಗೆ ಹೊಟ್ಟೆಕಿಚ್ಚು, ದೊಡ್ಡಮ್ಮ."

"ಹೌದಪ್ಪ, ಮಾಪಿಗೆ ದಾರ ಸಾಲ್ತಿಲ್ಲ. ಕೊಟ್ಟರೆ ಜೋಡಿಸ್ಕೋತೀನಿ."

ಒಂದು ವರ್ಷ ಈಜುಕೊಳದ ಮ್ಯಾನೇಜರ್ ಮಧ್ಯಾಹ್ನಕ್ಕೂ ಒಂದು ತರಗತಿ ಹಾಕಿದ. ಸ್ಪರ್ಧೆಗೆ ಹೋಗುವ ಮಕ್ಕಳ ತರಗತಿ. ಗೋಡೆಯ ಮೇಲೆ ಕಲಿಸುವವನ ಫೋಟೋ ಹಾಕುತ್ತಾರೆ. ಇವನು ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಬೆಳಿಗ್ಗೆ ಒದ್ದೆಯಾದ ತಲೆ ಮಧ್ಯಾಹ್ನ ಮತ್ತೆ ಒದ್ದೆ, ಸಂಜೆ ಮತ್ತೆ. ಎಷ್ಟು ದೊಡ್ಡ ರಬ್ಬರ್ ಟೋಪಿ ಹಾಕಿದರೂ ನೀರು ನುಗ್ಗುತ್ತಿತ್ತು. ತಾರಸಿಯ ಬಿಸಿಲು ಅವನಿಲ್ಲದೆ ಬಂದು ಹೋಗುತ್ತಿತ್ತು. ಅವನು ಒದ್ದೆ ಜಟೆಗಳನ್ನೇ ಒಟ್ಟುಗೂಡಿಸಿ, ಮುದ್ದೆ ಕಟ್ಟಿ, ಮೇಲೊಂದು ಬಟ್ಟೆ ಟೋಪಿ ಬಿಗಿದು ಬಸ್ಸು ಹತ್ತುತ್ತಿದ್ದ. ಅಕ್ಕನ ಮುಂದೆ ಕೂರಲು ಪುರುಸೊತ್ತಿಲ್ಲ. "ನನ್ನ ಕೂದಲು, ನಂಗೊತ್ತು ಬಿಡು" ಎಂದ. ಅವಳು ಸ್ಟೂಲನ್ನು ಮೂಲೆಗೆ ಸರಿಸಿದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ವಾಸನೆ ಶುರುವಾಯಿತು. ಮಳೆಗೆ ನೆನೆದ ಗೋಣಿಚೀಲವನ್ನು ಬೀರುವಿನಲ್ಲಿಟ್ಟು ಮರೆತಂತಹ ನಾತ. ತರಗತಿ ಇದ್ದಾಗ ಬರುತ್ತಿತ್ತು, ರಜೆಯ ದಿನ ಇರುತ್ತಿರಲಿಲ್ಲ. ಈ ಸಣ್ಣ ಸಂಗತಿ ಯಾರ ತಲೆಗೂ ಹೊಳೆಯಲಿಲ್ಲ. ಪೋಷಕರು ಮೂಗು ಮುಚ್ಚಿಕೊಂಡು ದೂರು ಹೇಳಿದರು. ಮ್ಯಾನೇಜರ್ ಇವನನ್ನು ಕರೆದು ಕೇಳಿದ:

"ಏನ್ರೀ, ನಿಮಗೂ ಬರ್ತಿದೆಯಾ?"

"ಸ್ವಲ್ಪ ಬರುತ್ತೆ ಸಾರ್. ಮೋರಿ ಕಡೆಯಿಂದ ಇರ್ಬೇಕು."

ಆಗ ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಪರವಾಗಿ ಹೇಳಬಹುದಾದದ್ದು ಇಷ್ಟೇ, ಆದ್ದರಿಂದ ಹೇಳಿಬಿಡುವುದು ನ್ಯಾಯ.

ಮೋರಿ ಎಂದಮೇಲೆ ದೊಡ್ಡಮ್ಮನ ಪಾಲು. ಅವಳು ಜಾಲರಿ ಎತ್ತಿ, ಮಂಡಿಯೂರಿ, ಮೊಣಕೈವರೆಗೆ ಕೈ ಇಳಿಸಿ ತೊಳೆದಳು. ಬ್ಲೀಚಿಂಗ್ ಪುಡಿ ಸುರಿದು ನೆಲದ ಟೈಲ್ಸ್ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಬೆರಳ ತುದಿಯ ಚರ್ಮ ಸುಲಿಯಿತು. ಸಂಜೆ ಮಕ್ಕಳು ಬಂದರು, ಮೇಷ್ಟ್ರು ಬಂದರು, ವಾಸನೆಯೂ ಬಂತು. ಮ್ಯಾನೇಜರ್ ಎಲ್ಲರೆದುರು ಅವಳಿಗೆ ಮೂಗು ಕೆಟ್ಟಿದೆಯೋ ಮೈ ಬಗ್ಗುತ್ತಿಲ್ಲವೋ ಎಂದು ಕೇಳಿದ. ಅವಳು ಮತ್ತೆ ಮಂಡಿಯೂರಿದಳು, ಇವನು ಪಕ್ಕದಲ್ಲೇ ನಿಂತು ನೋಡಿದ.

ಬಸ್ಸಿನಲ್ಲಿ ಒಂದು ದಿನ ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ಹೋಗಿ ನಿಂತುಕೊಂಡಳು. ಖಾಲಿ ಸೀಟಿದ್ದರೂ ಯಾರೂ ಕೂರಲಿಲ್ಲ. ಅವನಿಗೆ ಕಿವಿ ಬಿಸಿಯಾಯಿತು. ಮನೆಗೆ ಬಂದವನು ತಾನೇ ಮೂಲೆಯ ಸ್ಟೂಲನ್ನು ಎಳೆದು ತಂದು ಅಕ್ಕನ ಮುಂದೆ ಬೆನ್ನು ಹಾಕಿ ಕೂತ.

ಅಕ್ಕ ಟೋಪಿ ತೆಗೆದಳು. ತೆಗೆದವಳು ಮುಖ ಆಚೆ ತಿರುಗಿಸಿದಳು.

"ಏನೋ ಇದು! ಏನನ್ನ ಸಾಕಿದ್ದೀಯಾ ಒಳಗೆ?"

ಹಿಂದಲೆಯ ಒಂದು ಜಟೆಯನ್ನು ಚಿವುಟಿ ನೋಡಿ, ಪರದೆ ಕತ್ತರಿಸುವ ಕತ್ತರಿ ತಂದು ಕಚಕ್ಕನೆ ಕತ್ತರಿಸಿ ಅವನ ಕೈಗಿಟ್ಟಳು. ಹೊರಗೆ ಕಂದು, ನಯ, ಚೆಂದ. ಕತ್ತರಿಸಿದ ಬಾಯಲ್ಲಿ ಬೂದು ಬಣ್ಣದ ಬೂಷ್ಟು, ನಡುವೆ ಕಪ್ಪು. ಅವನು ಮೂಗಿನ ಬಳಿ ತಂದ. ಬಟ್ಟೆ ಬದಲಿಸುವ ಕೋಣೆ ಇಡಿಯಾಗಿ ಅವನ ಅಂಗೈಯಲ್ಲಿತ್ತು.

"ನಿನ್ನ ಮೂಗಿಗೆ ಅಭ್ಯಾಸ ಆಗೋಗಿದೆ. ಅಲ್ಲಿ ಯಾರೂ ಏನೂ ಅನ್ಲಿಲ್ವಾ?" ಅಕ್ಕ ಕೇಳಿದಳು.

"ಇಲ್ಲ."

ಇದು ಸುಳ್ಳು. ಹೇಡಿತನ ಇಲ್ಲಿಂದ ಲೆಕ್ಕಕ್ಕೆ ಬರುತ್ತದೆ.

ಅಕ್ಕ ಹಿಂದಿನ ಸಾಲುಗಳನ್ನೆಲ್ಲ ಬುಡಕ್ಕೆ ಕತ್ತರಿಸಿದಳು. ಮುಂದಿನವು ಉಳಿದವು, ಇಳಿಬಿಟ್ಟರೆ ಹಿಂದಿನ ಬೋಳು ಮುಚ್ಚುತ್ತಿತ್ತು. ಕೊಳೆತದ್ದನ್ನು ಕವರಿನೊಳಗೆ ಕವರು ಹಾಕಿ ಗಂಟು ಬಿಗಿದು ಕೊಟ್ಟಳು. "ಮನೆ ಬುಟ್ಟೀಲಿ ಬೇಡ, ದಾರೀಲಿ ಎಸಿ." ದಾರಿಯ ತೊಟ್ಟಿಯ ಬಳಿ ಜನ ನಿಂತಿದ್ದರು, ಅವನು ಮುಂದೆ ನಡೆದ. ಈಜುಕೊಳದಲ್ಲಿ ಮೂಲೆಗೊಂದು ಬುಟ್ಟಿ ಇತ್ತು, ಆದರೆ ಅವನ್ನೆಲ್ಲ ಖಾಲಿ ಮಾಡುವ ಕೈ ಒಂದೇ, ದೊಡ್ಡಮ್ಮನದು. ಕವರು ಅವನ ಚೀಲದ ತಳದಲ್ಲೇ ಉಳಿಯಿತು.

ವಾಸನೆ ಹೋಯಿತು. ಇಷ್ಟಕ್ಕೇ ಮುಗಿದೀತು, ಯಾರಿಗೂ ತಿಳಿಯದು ಎಂದು ಅವನು ಎಣಿಸಿದ್ದ. ಆದರೆ ಮ್ಯಾನೇಜರ್ ಬಟ್ಟೆ ಬದಲಿಸುವ ಕೋಣೆಯ ನಡುವೆ ನಿಂತು ದೀರ್ಘವಾಗಿ ಉಸಿರೆಳೆದು, "ನೋಡಿದ್ರಾ? ನಾಲ್ಕು ಮಾತು ಆಡಿದ ಮೇಲೆ ಹೆಂಗೆ ಹೋಯ್ತು!" ಎಂದ. ಅಲ್ಲಿಗೆ, ತಪ್ಪು ಅವಳದೇ ಎಂಬುದಕ್ಕೆ ಇವನ ಗುಟ್ಟಿನ ಕ್ಷೌರವೇ ಸಾಕ್ಷಿಯಾಯಿತು.

ದೊಡ್ಡಮ್ಮ ಅದನ್ನು ನಂಬಿಬಿಟ್ಟಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ನಾನೇ ಎಲ್ಲೋ ಒಂದು ಮೂಲೆ ಬಿಟ್ಟಿದ್ದೆ ಅನ್ಸುತ್ತೆ ಮೇಷ್ಟ್ರೇ. ವಯಸ್ಸಾಯ್ತಲ್ಲ" ಎಂದಳು. ಮೊದಲಿನ ನಗೆ ಇರಲಿಲ್ಲ. ಆಮೇಲೆ ಅವನ ಟೋಪಿ ನೋಡಿ, "ಏನಿದು, ತಲೆ ಸಣ್ಣಗಾಗಿದೆ?" ಎಂದಳು.

"ಸೆಕೆ, ದೊಡ್ಡಮ್ಮ. ಸ್ವಲ್ಪ ತೆಗೆಸಿದೆ."

ಮರುದಿನ ಅವನು ಒಂದು ಜೊತೆ ರಬ್ಬರ್ ಕೈಗವಸು ತಂದು ಅವಳ ಬಕೆಟ್ಟಿನ ಮೇಲಿಟ್ಟು ಜಾರಿಕೊಳ್ಳಲು ನೋಡಿದ. ಅವಳು ಹಿಡಿದುಬಿಟ್ಟಳು. "ಇಷ್ಟು ಜನರಲ್ಲಿ ನನ್ನ ಕೈ ನೋಡಿದೋರು ನೀವೊಬ್ಬರೇ, ಮೇಷ್ಟ್ರೇ" ಎಂದಳು. ಅವನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿಂದ ಮುಂದೆ ಅವನು ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗತೊಡಗಿದ. ಕೊಳದ ಅಂಚಿನಲ್ಲಿ ನಡೆಯುವುದನ್ನು ಬಿಟ್ಟ. ಯಾರೋ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ತಿರುಗಿದರೆ ಮಕ್ಕಳು ನೀರೆರಚಿಕೊಂಡು ಆಡುತ್ತಿರುತ್ತಿದ್ದರು.

ಶನಿವಾರ ಪೋಷಕರನ್ನೆಲ್ಲ ಬೆಂಚುಗಳ ಮೇಲೆ ಕೂರಿಸಿ ಮ್ಯಾನೇಜರ್ ಮಾತಾಡಿದ. ತೊಂದರೆ ಬಗೆಹರಿದಿದೆ, ಅಚಾತುರ್ಯ ಕೆಲಸದವರಿಂದ ಆದದ್ದು, ಸೋಮವಾರದಿಂದ ಈಕೆಗೆ ಒಳಗಿನ ಕೆಲಸ ಇಲ್ಲ, ಹೊರಗೆ ವಾಹನ ನಿಲ್ಲಿಸುವ ಜಾಗ ಗುಡಿಸುತ್ತಾರೆ ಎಂದ. "ಬನ್ನಿ, ನೀವೇ ಒಂದು ಮಾತು ಹೇಳಿ."

ದೊಡ್ಡಮ್ಮ ಮುಂದೆ ಬಂದಳು. ಏಪ್ರನ್ನಿನ ಅಂಚನ್ನು ಮುದುರಿ ಹಿಡಿದಿದ್ದಳು. ಹೊರಗಿನ ಜಾಗ ಅಂದರೆ ಬಿಸಿಲು, ಹೊಗೆ, ಟಯರಿನ ಧೂಳು. ಅಲ್ಲಿ ದೊಡ್ಡಮ್ಮಾ ಎಂದು ಕರೆಯುವ ಮಕ್ಕಳಿರುವುದಿಲ್ಲ.

"ತಪ್ಪಾಯ್ತು. ನಾನು ಸರಿಯಾಗಿ..." ಎಂದು ಶುರು ಮಾಡಿದಳು.

ಅವನು ಕಂಬದ ಪಕ್ಕ ನಿಂತಿದ್ದ. ಟೋಪಿ ತೆಗೆದು, ಮುಂದಿನ ಜಟೆಗಳನ್ನೆಲ್ಲ ಎರಡೂ ಕೈಯಿಂದ ಮುಖದ ಕಡೆಗೆ ಎಳೆದುಕೊಂಡು, ಬೆಂಚಿನ ಮೇಲಿದ್ದವರಿಗೆ ಬೆನ್ನು ತೋರಿಸಿ ನಿಂತ. ಹಿಂದಲೆ ಬೋಳಾಗಿತ್ತು, ಅಲ್ಲಲ್ಲಿ ಕತ್ತರಿ ತಪ್ಪಿದ ಕುಚ್ಚುಗಳು, ಕೆಂಪಗಿನ ಕಜ್ಜಿ. ಯಾರೋ ಕಿಸಕ್ಕೆಂದರು.

"ಏನ್ರೀ ಇದು ನಾಟಕ?" ಎಂದ ಮ್ಯಾನೇಜರ್.

ಅವನು ಚೀಲದ ತಳದಿಂದ ಕವರು ತೆಗೆದು ಗಂಟು ಬಿಚ್ಚಿದ. ಒಂದನ್ನು ಬಿಚ್ಚಿದರೆ ಒಳಗೆ ಇನ್ನೊಂದು. ಅಕ್ಕ ಬಿಗಿದ ಗಂಟುಗಳು. ಕೊನೆಯದು ಬಿಚ್ಚುತ್ತಲೂ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಹಿಡಿದುಕೊಂಡು ಕೂಗಿದಳು:

"ಅಮ್ಮಾ, ಅದೇ ವಾಸನೆ!"

"ಮೋರಿ ಅಲ್ಲ. ನಂದು. ಗೊತ್ತಾದ ಮೇಲೂ ಸುಮ್ನಿದ್ದೆ" ಎಂದ ಅವನು. ಮಾತು ಎಷ್ಟು ಸಣ್ಣಗಿತ್ತೆಂದರೆ ಹಿಂದಿನ ಬೆಂಚಿನವರು ಏನಂತೆ, ಏನಂತೆ ಎಂದು ಮುಂದಿನವರನ್ನು ಕೇಳಿದರು. ಮುಂದಿನವರು ಹೇಳಿದರು. ಅದು ಸಾಲಿನಿಂದ ಸಾಲಿಗೆ ಹೋಗುವವರೆಗೂ ಅವನು ಅಲ್ಲೇ ನಿಂತಿರಬೇಕಾಯಿತು. ಗೋಡೆಯ ಮೇಲಿನ ಫೋಟೋದಲ್ಲಿ ಅವನು ಸೊಂಟದವರೆಗೆ ಜಟೆ ಇಳಿಬಿಟ್ಟು ನಗುತ್ತಿದ್ದ.

ದೊಡ್ಡಮ್ಮ ಹತ್ತಿರ ಬಂದು ಕವರಿನೊಳಗೆ ಬಗ್ಗಿ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ನಾನು ಮಂಡಿ ಊರಿ ಉಜ್ಜುವಾಗ ನೀವು ಅಲ್ಲೇ ನಿಂತಿರ್ತಿದ್ರಿ."

"ಹೂಂ."

"ಗವಸು ಅದಕ್ಕಾ?"

"ಹೂಂ."

ಕಸ ಕಂಡಲ್ಲಿ ಕೈ ಚಾಚುವುದು ಅವಳಿಗೆ ರೂಢಿ. ಸುಲಿದ ಬೆರಳುಗಳ ಕೈಯನ್ನು ಕವರಿನ ಕಡೆ ಚಾಚಿದಳು. "ಕೊಡಿ ಇಲ್ಲಿ, ಎಸೀತೀನಿ."

"ಬೇಡ, ದೊಡ್ಡಮ್ಮ."

ಅವನು ಟೋಪಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಕವರನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲರೂ ಕೂತಿದ್ದ ಬೆಂಚುಗಳ ಮುಂದೆಯೇ, ಕೊಳದ ಅಂಚಿನ ಉದ್ದಕ್ಕೂ ನಡೆದು ಮುಂಬಾಗಿಲಿನಿಂದ ಹೊರಗಿನ ತೊಟ್ಟಿಗೆ ಹೋದ.