ಅಜ್ಜಿಯ ಅರಿಶಿನದ ಬಟ್ಟೆ

ಆದೋನಿಯ ನಮ್ಮ ಮನೆಯಲ್ಲಿ ಆ ಸಲ ಮೊದಲು ಕಣ್ಣುಬೇನೆ ಬಂದದ್ದು ನನಗೇ. ನಾನಿನ್ನೂ ಸಣ್ಣ ಹುಡುಗಿ. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿರುತ್ತಿದ್ದವು. ಈ ಬೇನೆ ನೋಟದಿಂದ ಹರಡುತ್ತದೆಂದು ಅಜ್ಜಿಯ ಗಟ್ಟಿ ನಂಬಿಕೆ.

"ಆಕಿ ಮಾರಿ ಯಾರೂ ನೋಡಬ್ಯಾಡ್ರಿ, ನೋಡಿದ್ರ ನಿಮಗೂ ಹತ್ತತೈತಿ!" ಎಂದು ಕಟ್ಟಪ್ಪಣೆ ಮಾಡಿದಳು.

ಅವ್ವ ಗೋಡೆ ನೋಡುತ್ತ ನನಗೆ ತುತ್ತು ಕೊಡತೊಡಗಿದಳು. ಅರ್ಧ ಅನ್ನ ಮೂಗಿಗೆ ಹೋಗುತ್ತಿತ್ತು. ಹತ್ತಿ ಪೇಟೆಯಲ್ಲಿ ಯಾರಿಗೂ ಹೆದರದ ದೊಡ್ಡಪ್ಪ, ನನ್ನನ್ನು ಕಂಡು ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಓಡುವಾಗ ಕಂಬಕ್ಕೆ ಹಣೆ ಬಡಿಸಿಕೊಂಡ. ನನಗೆ ಎಂಥ ಸಿಟ್ಟು! ಬೇಕೆಂದೇ ಎಲ್ಲರ ಎದುರು ಹೋಗಿ ನಿಲ್ಲುತ್ತಿದ್ದೆ.

ಅಜ್ಜಿಯ ಬಳಿ ಅರಿಶಿನದಲ್ಲಿ ಅದ್ದಿದ ಒಂದು ಬಟ್ಟೆಯಿತ್ತು. ಮುಖ ಆಚೆ ತಿರುಗಿಸಿಕೊಂಡೇ ಅದರಿಂದ ನನ್ನ ಕಣ್ಣೊರೆಸುವಳು. ಆಮೇಲೆ, ಬೇನೆ ಬರದಿರಲೆಂದು, ಅದರಿಂದಲೇ ಉಳಿದ ಮಕ್ಕಳ ಕಣ್ಣನ್ನೂ ಒರೆಸುವಳು, ಕೊನೆಗೆ ತನ್ನದನ್ನೂ. ವಾರದೊಳಗೆ ಮಕ್ಕಳ ಕಣ್ಣೆಲ್ಲ ಕೆಂಪಾದವು.

ಒಂದು ಮುಂಜಾನೆ ಅಜ್ಜಿಯ ರೆಪ್ಪೆಗಳೂ ಅಂಟಿಕೊಂಡವು. ಹಾಸಿಗೆಯಲ್ಲೇ ಎದ್ದು ಕೂತು, "ಆಕಿನ್ನ ಕದ್ದು ನೋಡಿ ಮನಿಗೆಲ್ಲ ಹಚ್ಚಿದವರು ಯಾರಲೇ?" ಎಂದು ಗದರಿ, ತಡಕಾಡಿ ಅದೇ ಬಟ್ಟೆ ತೆಗೆದುಕೊಂಡು ಕಣ್ಣೊರೆಸಿಕೊಂಡಳು.