ಲಿಂಗಸುಗೂರಿನ ಮಹಡಿ ಮನೆಗೆ ಗ್ಯಾನಮ್ಮ ಬಂದದ್ದು

ಲಿಂಗಸುಗೂರಿನ ದೊಡ್ಡ ಓಣಿಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವನಿಗೆ ನೀನು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಅಷ್ಟು ಅನಾಗರಿಕರು ಅಲ್ಲಿ ಇಲ್ಲವೇ ಇಲ್ಲ. ಕುರ್ಚಿ ಹಾಕುತ್ತಾರೆ. ಊರು ಯಾವುದು, ಊರೊಳಗೆ ಮನೆ ಯಾವ ಕಡೆ ಬರುತ್ತದೆ, ಊಟ ಎಂಥದು, ಮನೆದೇವರು ಯಾವುದು ಎಂದು ಬಹು ಅಕ್ಕರೆಯಿಂದ ವಿಚಾರಿಸುತ್ತಾರೆ. ಉತ್ತರ ರುಚಿಸದಿದ್ದರೆ ಆ ಮನೆಗೆ ಬರುವ ತಿಂಗಳು ಅಳಿಯ ಬರುವವನಿರುತ್ತಾನೆ. ಇತಿಹಾಸದ ಅಧ್ಯಾಪಕ ಆನಂದಕುಮಾರ ಅಲ್ಲಿಯ ಕಾಲೇಜಿಗೆ ವರ್ಗವಾಗಿ ಬಂದ ಮೇಲೆ ಹೋದಹೋದ ಮನೆಯಲ್ಲೆಲ್ಲ ಈ ಅಳಿಯನ ಸುದ್ದಿ ಕೇಳಿದ.

"ಇಷ್ಟು ಅಳಿಯಂದಿರು ಒಮ್ಮಿಗೇ ಬಂದ್ರ ಊರಾಗ ಹೋಳಿಗಿ ಬೇಳಿ ಸಾಲೂದಿಲ್ಲ ಬಿಡ್ರಿ" ಎಂದು ಹೆಂಡತಿ ಶೈಲಜಾ ನಗುತ್ತಿದ್ದಳು. ಮಸ್ಕಿಯ ಕಚೇರಿಯಲ್ಲಿ ಅವಳಿಗೆ ಕೆಲಸ. ಬಸ್‌ಸ್ಟ್ಯಾಂಡಿಗೆ ಹತ್ತಿರದ ಮನೆ ಸಿಕ್ಕರೆ ಸಾಕಾಗಿತ್ತು.

ಅಂಥ ಮನೆ ಕರಿಬಸಪ್ಪನವರದು. ಕೆಳಗೆ ಅವರು, ಮಹಡಿ ಬಾಡಿಗೆಗೆ. ಕರಿಬಸಪ್ಪನವರು ನಿವೃತ್ತ ಅಧಿಕಾರಿಗಳು. ಊರಿನ ಸಮಾನತಾ ವೇದಿಕೆಯ ಅಧ್ಯಕ್ಷರು. ಎದೆಯ ಮೇಲೆ ಬಿಳಿ ಪಾರಿವಾಳದ ಬಿಲ್ಲೆ ಇಲ್ಲದೆ ಅವರು ಸಂತೆಗೂ ಹೋದವರಲ್ಲ. ಅವರೂ ಕುರ್ಚಿ ಹಾಕಿದರು.

"ಊಟ ಹ್ಯಾಂಗ್ರೀ ಸರ?"

"ಮಾಂಸ ತಿನ್ನೂದಿಲ್ರೀ." ಅದು ನಿಜವೇ. ಬುದ್ಧನ ದೀಕ್ಷೆ ಪಡೆದ ದಿನದಿಂದ ಆನಂದಕುಮಾರ ಬಿಟ್ಟಿದ್ದ.

"ಭೇಷ್! ಮನೆದೇವರು?"

"ದೇವರಂತ ಇಲ್ರೀ. ಬುದ್ಧನ ಫೋಟೋ ಇಟಗೊಂಡೀವಿ."

ಕರಿಬಸಪ್ಪನವರ ಮುಖ ಅರಳಿತು. "ಅಲ್ನೋಡ್ರಿ, ನಮ್ಮ ಶೋಕೇಸಿನ್ಯಾಗೂ ಒಬ್ಬಾಂವ ಕುಂತಾನ! ಗೋವಾಕ್ಕ ಹೋದಾಗ ತಂದೀವಿ. ನೋಡಿದ್ರ ಬೀಪಿ ಇಳಿತೈತಿ. ಓದಿದವರೆಲ್ಲ ಈಗ ಇಂವನ್ನೇ ಇಡ್ತಾರ."

ಬುದ್ಧನೆಂದರೆ ಬೀಪಿಯ ಔಷಧವೆಂದು ನಂಬಿದ ಮನುಷ್ಯನಿಗೆ, ಆನಂದಕುಮಾರನ ಹುಟ್ಟೂರು ದಢೇಸುಗೂರಿನ ಕೇರಿಯಲ್ಲಿ ಅದೇ ಬುದ್ಧ ಜಾತಿ ಕಳಚುವ ದಾರಿಯೆಂದು ಹೇಗೆ ತಿಳಿಯಬೇಕು? ಈತ ತಮ್ಮವನೇ ಎಂದು ಅವರು ತೀರ್ಮಾನಿಸಿಬಿಟ್ಟರು. ಅವರು ತಪ್ಪು ತಿಳಿದದ್ದು ಆನಂದಕುಮಾರನಿಗೆ ಗೊತ್ತಾಯಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಂಗೈಗೆ ಕೀಲಿಕೈ ಬಿತ್ತು. ಬಾಯಿ ಮುಚ್ಚಿತು.

"ನೀವು ಸುಳ್ಳೇನೂ ಹೇಳಿಲ್ಲ" ಎಂದಳು ಶೈಲಜಾ. "ಖರೇನೂ ಹೇಳಿಲ್ಲ."

ತೊಡಕು ಬಂದದ್ದು ತಾಯಿಯ ವಿಷಯದಲ್ಲಿ. ಗ್ಯಾನಮ್ಮ ದಢೇಸುಗೂರಿನಲ್ಲಿ ಹಿರಿಯ ಮಗ ವೆಂಕೋಬನ ಮನೆಯಲ್ಲಿದ್ದಳು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಹಚ್ಚುವಾಗ ಚಿಕ್ಕ ಮಗನನ್ನು ಕಾಲುವೆಯ ದಂಡೆಯ ಮೇಲೆ ಕೂಡ್ರಿಸಿ, "ಗಟ್ಟ್ಯಾಗಿ ಓದಲೇ, ನನಗ ಕೇಳಬೇಕು" ಎನ್ನುತ್ತಿದ್ದಳು. ಅವನು ಅಕ್ಬರನ ಆಳ್ವಿಕೆ ಓದುತ್ತಿದ್ದರೆ ಸಾಲಿನ ಹೆಂಗಸರೆಲ್ಲ ಕೇಳುತ್ತ ಸಸಿ ಹಚ್ಚುತ್ತಿದ್ದರು. ಹಾಗೆ ಓದಿಸಿದವಳ ಕಣ್ಣಿಗೆ ಈಗ ಪೊರೆ ಬಂದಿತ್ತು. ಲಿಂಗಸುಗೂರಿನಲ್ಲಿ ಆಪರೇಶನ್ ಮಾಡಿಸಿ, ಮಗನ ಮನೆಯಲ್ಲಿ ಇರಬೇಕೆಂದು ಮಾತಾಗಿತ್ತು.

"ಮಗಾ, ಯಾವಾಗ ಬರ್ಲೋ?" ಎಂದು ಫೋನಿನಲ್ಲಿ ಕೇಳುವಳು.

"ಸ್ವಲ್ಪ ತಡಿಬೇ."

"ನಾ ತಡಿತೀನಿ. ಕಣ್ಣು ತಡಿತಾವೇನೋ ಹುಚ್ಚಪ್ಪ?"

ಗ್ಯಾನಮ್ಮನದು ತೆರೆದ ಬಾಯಿ. ಕಂಡವರಿಗೆಲ್ಲ ತನ್ನ ಊರು, ಕೇರಿ, ಕುಲ ಎಲ್ಲ ಹೇಳಿಯೇ ಮುಂದಿನ ಮಾತು. ಅವಳು ಬಂದ ದಿನವೇ ಕೀಲಿಕೈ ಹೋಗುತ್ತದೆ ಎಂದು ಮಗ ಹೆದರಿದ್ದ. ಕಾಲೇಜಿನಲ್ಲಿ ಪರೀಕ್ಷೆ ಎಂದ. ಡಾಕ್ಟರು ರಜೆ ಎಂದ. ಒಳ್ಳೆಯ ಹುಡುಗನೇ, ಆದರೆ ಬಾಡಿಗೆ ಮನೆ ಒಳ್ಳೆಯವರ ನಾಲಿಗೆಯನ್ನೂ ತಿರುಚುತ್ತದೆ.

ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ದಿನ ಬಂತು. ವೇದಿಕೆಯಲ್ಲಿ ಭಾಷಣ ಮಾಡಲು ಕರಿಬಸಪ್ಪನವರು ಬಾಡಿಗೆದಾರನನ್ನೇ ಕರೆದರು. "ನಮ್ಮೂರ ವಿಷಯ ಬ್ಯಾಡ್ರಿ, ಸುಮ್ನ ಗದ್ದಲ. ದೂರಿಂದು ಏನರ ಹೇಳ್ರಿ."

ಆನಂದಕುಮಾರ ದೂರದ್ದೇ ಹೇಳಿದ. ಅಮೆರಿಕದ ಲ್ಯಾಟಿನೋ ಜನರ ಕಥೆ, ಅಂದರೆ ಮೆಕ್ಸಿಕೋ ಮೊದಲಾದ ನಾಡುಗಳ ಮೂಲದವರ ಕಥೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಎಂಬ ಸೀಮೆಗಳು ಮೊದಲು ಮೆಕ್ಸಿಕೋದವೇ ಆಗಿದ್ದವು. ಗಡಿ ಸರಿಯಿತು, ಜನ ಕುಂತಲ್ಲಿಯೇ ಪರದೇಶಿಗಳಾದರು ಎಂದಾಗ, ನಿಜಾಮನ ಸೀಮೆಯಲ್ಲಿ ಹುಟ್ಟಿ ಜಾಗ ಬಿಡದೆಯೇ ಬೇರೆ ರಾಜ್ಯಕ್ಕೆ ಸೇರಿದ್ದ ಮುದುಕರು ತಲೆದೂಗಿದರು. ಕೆಲವು ಹೋಟೆಲುಗಳ ಬಾಗಿಲಲ್ಲಿ, ಮೆಕ್ಸಿಕನ್ನರಿಗೆ ಪ್ರವೇಶವಿಲ್ಲ ಎಂಬ ಹಲಗೆ ತೂಗುತ್ತಿತ್ತು. ಅವರ ಮಕ್ಕಳಿಗೆ ಬೇರೆ ಶಾಲೆ. ಒಮ್ಮೆ ಕ್ಯಾಲಿಫೋರ್ನಿಯಾದ ಒಬ್ಬ ಹೆಂಗಸು ತನ್ನ ಮಕ್ಕಳನ್ನೂ ಅಣ್ಣನ ಮಕ್ಕಳನ್ನೂ ಬಿಳಿಯರ ಒಳ್ಳೆಯ ಶಾಲೆಗೆ ಸೇರಿಸಲು ಕರೆದೊಯ್ದಳು. ಅವಳ ಮಕ್ಕಳ ಬಣ್ಣ ಬಿಳುಪು, ಮನೆತನದ ಹೆಸರು ಫ್ರೆಂಚರ ಹೆಸರಿನ ಹಾಗೆ ಕೇಳುತ್ತಿತ್ತು; ಅವರನ್ನು ತೆಗೆದುಕೊಂಡರು. ಅಣ್ಣನ ಮಕ್ಕಳು ಕಪ್ಪು, ಬೇಡವೆಂದರು. ಆಕೆ, ತಗೊಂಡರೆ ಎಲ್ಲರನ್ನೂ ತಗೊಳ್ಳಿ ಎಂದು ಐದೂ ಮಕ್ಕಳ ಕೈಹಿಡಿದು ಹೊರಗೆ ಬಂದಳು. ಅಣ್ಣ ಇತರ ತಂದೆತಾಯಿಗಳೊಡನೆ ಕೋರ್ಟಿಗೆ ಹೋಗಿ ಗೆದ್ದ.

ಎಲ್ಲರನ್ನೂ ಎಂಬ ಮಾತನ್ನು ಆನಂದಕುಮಾರ ತನಗೇ ಹೇಳಿಕೊಂಡಂತೆ ಎರಡು ಸಲ ಹೇಳಿದ. ಸಭಿಕರು ಅದನ್ನು ವಾಗ್ಮಿತೆ ಎಂದು ತಿಳಿದರು.

ಅಧ್ಯಕ್ಷರು ಎದ್ದು ಮೇಜು ಗುದ್ದಿದರು. "ಹೆಸರು ನೋಡಿ ಕೂಸುಗಳನ್ನ ಆರಿಸ್ತಾರಂದ್ರ ಅವರೇನು ಮನುಷ್ಯಾರೇನ್ರಿ? ಥೂ ಅವರ ಜನ್ಮಕ್ಕ!" ಚಪ್ಪಾಳೆಯೋ ಚಪ್ಪಾಳೆ. ಹತ್ತು ಸಾವಿರ ಮೈಲಿ ದೂರಕ್ಕೆ ಉಗುಳಿದ ಉಗುಳು ತಮ್ಮ ಅಂಗಿಗೆ ಸಿಡಿಯುವ ಭಯವಿಲ್ಲವಲ್ಲ!

ಭಾನುವಾರ ಆನಂದಕುಮಾರ ದಢೇಸುಗೂರಿಗೆ ಹೋಗಿ ತಾಯಿಯನ್ನು ಕರೆತಂದ. ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ಕರಿಬಸಪ್ಪನವರೆದುರು ನಿಲ್ಲಿಸಿ, "ನಮ್ಮವ್ವ ರೀ" ಎಂದ.

"ಬರ್ರೀ ತಾಯಿ. ಊರಾಗ ನಿಮ್ದು ಯಾವ ಓಣಿ?"

"ಓಣಿ ಎಲ್ಲೀದ್ರೀ ಯಪ್ಪಾ, ನಾವು ಕೇರ್ಯಾವ್ರು. ಹೊಲೇರು" ಎಂದಳು ಗ್ಯಾನಮ್ಮ, ಹವಾಮಾನ ಹೇಳಿದಂತೆ. "ನಮ್ಮ ಹುಡುಗ ಹೇಳಿಲ್ಲೇನ್ರಿ?"

ಪತ್ರಿಕೆ ಮಡಚಿಕೊಂಡಿತು. ಬಾಗಿಲು ಮುಚ್ಚಿಕೊಂಡಿತು. ಮರುದಿನ ಕರಿಬಸಪ್ಪನವರು ಮೆಟ್ಟಿಲ ಕೆಳಗೆ ನಿಂತು, ಮೇಲೆ ನೋಡದೆ ಹೇಳಿದರು: "ಸರ, ಮಾಳಿಗಿ ಸೋರಾಕತ್ತೈತಿ. ರಿಪೇರಿ ಮಾಡಸಬೇಕು. ತಿಂಗಳದಾಗ ಖಾಲಿ ಮಾಡ್ರಿ."

ದೀಪಾವಳಿಯಿಂದ ಒಂದು ಹನಿ ಮಳೆಯಿಲ್ಲ! ಸುಳ್ಳು ಹೇಳುವವನಿಗೆ ಕನಿಷ್ಠ ಋತುಜ್ಞಾನವಾದರೂ ಬೇಡವೇ?

ಆನಂದಕುಮಾರ ಕೆಳಗಿಳಿದು ಬಂದ. "ಖಾಲಿ ಮಾಡೂದಿಲ್ರೀ. ಬಿಡಸಬೇಕಂದ್ರ ಖರೇ ಕಾರಣ ಹೇಳ್ರಿ. ಇಲ್ಲಿ ಬ್ಯಾಡ. ವೇದಿಕೆಯ ಸಭಾ ಕೂಡಸ್ರಿ, ಅಲ್ಲಿ ಮೈಕಿನ್ಯಾಗ ಹೇಳ್ರಿ. ಆಮ್ಯಾಲ ಠಾಣೇಕ ಹೋಗಿ ನಾನೂ ಹೇಳ್ತೀನಿ."

ಕರಿಬಸಪ್ಪನವರು ಪಾರಿವಾಳದ ಬಿಲ್ಲೆಯನ್ನು ಸವರಿಕೊಂಡರು. ಮೈಕಿನಲ್ಲಿ ಹೇಳಲಾರರು, ಅಧ್ಯಕ್ಷಗಿರಿ ಹೋಗುತ್ತದೆ. ಹೇಳದೆ ಬಿಡಿಸಲಾರರು. ಕಡೆಗೆ ಮಹಾನುಭಾವರು ಒಂದು ಉಪಾಯ ಕಂಡುಕೊಂಡರು. ಮಹಡಿಯವರು ತಮ್ಮ ಪಡಸಾಲೆ ತುಳಿಯದಂತೆ ಬೀದಿಯಿಂದಲೇ ನೇರವಾಗಿ ಒಂದು ಕಬ್ಬಿಣದ ಮೆಟ್ಟಿಲು ಕಟ್ಟಿಸಿದರು, ತಮ್ಮದೇ ಖರ್ಚಿನಲ್ಲಿ.

ಗ್ಯಾನಮ್ಮನ ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಈಗ ದಿನಾ ಮುಂಜಾನೆ ಆ ಮೆಟ್ಟಿಲ ಮೇಲೆ ಕರಿ ಕನ್ನಡಕ ಹಾಕಿಕೊಂಡು ಎಳೆಬಿಸಿಲು ಕಾಯುತ್ತಾಳೆ. ಅಲ್ಲಿಂದ ಇಡೀ ಓಣಿ ಕಾಣುತ್ತದೆ. ಓಣಿಗೂ ಅವಳು ಕಾಣುತ್ತಾಳೆ. ಹಾಲಿನವರು, ತರಕಾರಿಯವರು ನಿಂತು ಮಾತಾಡಿಸುತ್ತಾರೆ. ಕರಿಬಸಪ್ಪನವರು ಬಾಗಿಲು ತೆರೆದರೆ ಸಾಕು, ಮೇಲಿನಿಂದ ಕೂಗುತ್ತಾಳೆ:

"ಅಧ್ಯಕ್ಷರ, ಚಾ ಆತೇನ್ರೀ?"

ನಾಲ್ಕು ಮಂದಿ ನೋಡುತ್ತಿರುತ್ತಾರೆ. ಅವರು ಗೋಡೆಯ ಕಡೆ ಮುಖ ಮಾಡಿ, "ಹ್ಞೂಂ, ಆತ್ರಿ" ಎನ್ನುತ್ತಾರೆ.