ತಿರುಗಿ ಬಂದ ಪೆನ್ನು

ನಿನ್ನೆ ಬೀದರಿನ ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ತರರು ತಮಗೆ ಉಡುಗೊರೆ ಬಂದ ದುಬಾರಿ ಪೆನ್ನು ತೋರಿಸಿದರು. ಜರ್ಮನಿಯ ದೊಡ್ಡ ಸಾಹಿತಿಯೊಬ್ಬರ ನೆನಪಿಗೆ ಮಾಡಿದ್ದಂತೆ, ಮುಚ್ಚಳದ ಮೇಲೆ ಅವರ ಸಹಿಯೂ ಇದೆ. "ಬರ್ದು ನೋಡ್ರಿ ಟೀಚರ್" ಎಂದು ಕೈಗಿಟ್ಟರು. ಶಾಯಿಯ ವಾಸನೆ ಬಂದದ್ದೇ ತಡ, ನಾನು ಔರಾದಿನ ನಮ್ಮ ಓಣಿಯಲ್ಲಿದ್ದೆ.

ಮಳೆಯಿಲ್ಲದ ವರ್ಷ ಅಪ್ಪ ಕೆಲಸ ಹುಡುಕಿ ಪುಣೆಗೆ ಹೊರಟಾಗ ತನ್ನ ಶಾಯಿ ಪೆನ್ನು ನನಗೆ ಕೊಟ್ಟು, "ಸಾಲಿ ಬಿಡಬ್ಯಾಡ" ಎಂದಿದ್ದ. ತಿಂಗಳುಗಳಾದರೂ ಸುದ್ದಿಯಿಲ್ಲ. ನನಗಿನ್ನೂ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಓದು ಬಾರದ ನಮ್ಮ ಹೆಂಗಸರು ಆ ಕಡೆ ಹೋಗುವವರ ಕೈಯಲ್ಲಿ ಏನಾದರೊಂದು ಗುರುತಿನ ವಸ್ತು ಕಳಿಸಿ ಮಾತು ಮುಟ್ಟಿಸುತ್ತಿದ್ದರು. ಅಜ್ಜಿ ನನ್ನ ಪೆನ್ನನ್ನೇ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಕಳಿಸಿದಳು.

ಎಂಟು ದಿನಕ್ಕೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ತಲೆಯಲ್ಲಿ ಇನ್ನೂ ಸಿಮೆಂಟಿನ ಧೂಳು.

"ಹುಡುಗಿದು ಸಾಲಿ ಯಾಕ ಬಿಡಿಸ್ದಿ ಯವ್ವಾ?"

"ನಾ ಎಲ್ಲಿ ಬಿಡಿಸೀನೋ? ಒಂದು ಕಾಗದ ಬರಿ ಅಂತ ಪೆನ್ನು ಕಳಿಸಿದ್ದೆ" ಎಂದಳು ಅಜ್ಜಿ.

ಅಪ್ಪ ಪೆನ್ನು ನನ್ನ ಕೈಗಿಟ್ಟು ಮರುದಿನವೇ ಹೊರಟ. ಬಂದನೆಂದು ಕುಣಿಯಬೇಕೋ, ಹೋದನೆಂದು ಅಳಬೇಕೋ ನನಗೆ ತಿಳಿಯಲಿಲ್ಲ. ಆಮೇಲೂ ಕಾಗದ ಬರಲಿಲ್ಲ. ಅವನಿಗೆ ಬರೆಯಲು ಬರುತ್ತಿತ್ತೇ? ಅವನು ಬರೆದದ್ದನ್ನು ನಾನೆಂದೂ ಕಂಡಿಲ್ಲ. ಕೇಳಬೇಕೆನಿಸುವ ಹೊತ್ತಿಗೆ ಅವನೇ ಇರಲಿಲ್ಲ.

"ಇದೇನ್ರಿ ಬರ್ದಿರಿ?" ಎಂದರು ಹೆಡ್‌ಮಾಸ್ತರರು. ನಾನೂ ಆಗಲೇ ಹಾಳೆ ನೋಡಿದ್ದು.

ಅಪ್ಪಾ, ನಾ ಇನ್ನೂ ಸಾಲಿ ಬಿಟ್ಟಿಲ್ಲ.